ಹದಿಹರೆಯದವರ ಲೈಂಗಿಕ ಶಿಕ್ಷಣ: ಮುಂಬಯಿ–ಥಾಣೆ ವಲಯದ ಚರಿತ್ರೆ

ಹದಿಹರೆಯದವರ ಲೈಂಗಿಕ ಶಿಕ್ಷಣ: ಹತ್ತರಿಂದ ಹತ್ತೊಂಬತ್ತು ವರ್ಷದೊಳಗಿನವರಿಗೆ ದೇಹದ ಬೆಳವಣಿಗೆ, ಮುಟ್ಟು, ಸ್ವಪ್ನಸ್ಖಲನ, ಆಕರ್ಷಣೆ, ಗರ್ಭಧಾರಣೆ, ಸೋಂಕು, ಪರಸ್ಪರ ಒಪ್ಪಿಗೆ, ತಮ್ಮ ರೂಪದ ಬಗ್ಗೆ ತಮಗೇ ಇರುವ ಭಾವನೆ ಇವೆಲ್ಲವನ್ನೂ ವಯಸ್ಸಿಗೆ ತಕ್ಕಂತೆ ತಿಳಿಸುವ ಕೆಲಸ. ಭಾರತದಲ್ಲಿ ಇದರ ಚರಿತ್ರೆಯ ಹಲವು ಮುಖ್ಯ ಘಟ್ಟಗಳು ಮುಂಬಯಿ ಮತ್ತು ಅದಕ್ಕೆ ಹೊಂದಿಕೊಂಡ ಥಾಣೆ ಜಿಲ್ಲೆಯಲ್ಲಿ ನಡೆದಿವೆ. ಮೈಸೂರು ಸಂಸ್ಥಾನವೂ ಇಂದಿನ ಕರ್ನಾಟಕವೂ ಆ ಚರಿತ್ರೆಯೊಳಗೆ ಆಗಾಗ ಬಂದುಹೋಗುತ್ತವೆ. ಈ ವಿಷಯ ಶಾಲೆಯ ಬಾಗಿಲಿಗೆ ಬಂದಾಗಲೆಲ್ಲ ಅದನ್ನು ಕರೆತಂದದ್ದು ದೊಡ್ಡವರ ಒಂದಲ್ಲ ಒಂದು ಭಯ: ಮೊದಲು ಜನಸಂಖ್ಯೆಯದು, ಆಮೇಲೆ ಏಡ್ಸ್‌ನದು, ಈಗ ಅಪರಾಧದ್ದು. ಮಕ್ಕಳು ಕೇಳುತ್ತಿದ್ದ ಪ್ರಶ್ನೆಗಳು ಬೇರೆಯೇ ಇದ್ದವು.

ಮನೆ ಕಲಿಸಿದ್ದು

ಶಾಲೆಗೆ ಮೊದಲು ಈ ತಿಳಿವಳಿಕೆಯ ಹೊಣೆ ಮನೆಯ ಹಿರಿಯ ಹೆಂಗಸರದಾಗಿತ್ತು. ಹಳೇ ಮೈಸೂರಿನ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಿದ್ದ; ಚಿಗಳಿ, ಕೊಬ್ಬರಿ ತಿನ್ನಿಸಿ, ಆರತಿ ಎತ್ತಿ, ಊರಿಗೆಲ್ಲ ತಿಳಿಯುವಂತೆ ಒಸಗೆ ಮಾಡುತ್ತಿದ್ದರು. ತುಳುನಾಡಿನ ಕೆಡ್ಡಸದಲ್ಲಿ ಭೂಮಿತಾಯಿಯೇ ಮೂರು ದಿನ ಮುಟ್ಟಾಗುತ್ತಾಳೆ, ಆಗ ನೆಲ ಅಗೆಯುವಂತಿಲ್ಲ. ದೇಹದ ಬದಲಾವಣೆಯನ್ನು ಹಬ್ಬವಾಗಿಸಿದ ಈ ಆಚರಣೆಗಳೇ ಹುಡುಗಿಯನ್ನು ಹೊರಗೆ ಕೂರಿಸಿದವು ಕೂಡ. ಅಜ್ಜಿ ಏನು ಮಾಡಬಾರದು ಎಂದು ಹೇಳುತ್ತಿದ್ದಳು. ಯಾಕೆ ಹೀಗಾಗುತ್ತದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಹುಡುಗರಿಗಂತೂ ಆರತಿಯೂ ಇಲ್ಲ, ಮಾತೂ ಇಲ್ಲ.

ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಮುಂಬಯಿಯ ಹೋಟೆಲುಗಳಿಗೆ ಬಂದ ಹದಿಮೂರು ಹದಿನಾಲ್ಕರ ಹುಡುಗರು ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತರು. ಅಪ್ಪ ಅಮ್ಮ ಊರಿನಲ್ಲಿ. ಉಳಿದದ್ದು ಜೊತೆಗೆ ಮಲಗುವ ಹಿರಿಯ ಹುಡುಗರ ಪಿಸುಮಾತು ಮತ್ತು ಗುಪ್ತರೋಗ ವಾಸಿ ಮಾಡುತ್ತೇವೆಂದು ಗೋಡೆಗಳ ಮೇಲೆ ಬರೆಸಿದ ಹಕೀಮರ ಜಾಹೀರಾತು. ಮುಂದೆ ಇದೇ ಸಮುದಾಯ ಡೊಂಬಿವಲಿ, ಥಾಣೆ, ನೆರೂಲ್‌ಗಳ ಫ್ಲ್ಯಾಟುಗಳಿಗೆ ಹರಡಿತು. ಅಜ್ಜಿ ಊರಲ್ಲೇ ಉಳಿದಳು. ತಂದೆತಾಯಿ ಬೆಳಗಿನ ಲೋಕಲ್ ಹಿಡಿದು ಹೋದರೆ ಬರುವುದು ರಾತ್ರಿಗೆ. ಮನೆ ಕಲಿಸುತ್ತಿದ್ದ ಅಷ್ಟಿಷ್ಟೂ ಹೀಗೆ ನಿಂತುಹೋಯಿತು.

ಕರ್ವೆ ಮತ್ತು ‘ಸಮಾಜ ಸ್ವಾಸ್ಥ್ಯ’

ಈ ಮೌನವನ್ನು ಮೊದಲು ಮುರಿದವರು ಗಣಿತದ ಮೇಷ್ಟ್ರು, ರಘುನಾಥ ಧೋಂಡೊ ಕರ್ವೆ (1882–1953). ಸ್ತ್ರೀಶಿಕ್ಷಣಕ್ಕೆ ಹೆಸರಾದ ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಹಿರಿಯ ಮಗ. 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಇಂಥದ್ದೇ ಒಂದನ್ನು ಆರಂಭಿಸಿದ್ದೂ ಅದೇ ವರ್ಷ. ವಿಲ್ಸನ್ ಕಾಲೇಜಿನ ಆಡಳಿತಕ್ಕೆ ಇದು ಸರಿಬರಲಿಲ್ಲ, ಕರ್ವೆ ಕೆಲಸ ಬಿಟ್ಟರು. 1927ರ ಜುಲೈಯಲ್ಲಿ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ಶುರುಮಾಡಿ, ಸಾಯುವವರೆಗೂ, ಇಪ್ಪತ್ತಾರು ವರ್ಷ ನಡೆಸಿದರು; ಹೆಂಡತಿ ಮಾಲತಿಯವರ ದುಡಿಮೆ ಅವರಿಗೆ ಆಸರೆಯಾಗಿತ್ತು.

ಪತ್ರಿಕೆಯ ಜೀವಾಳ ಓದುಗರ ಪ್ರಶ್ನೋತ್ತರ. ಹಸ್ತಮೈಥುನದಿಂದ ಹುಚ್ಚು ಹಿಡಿಯುತ್ತದೆಯೇ, ಗಂಡಸು ಗಂಡಸನ್ನೇ ಬಯಸುವುದು ರೋಗವೇ ಎಂದು ಜನ ಬರೆದು ಕೇಳುತ್ತಿದ್ದರು. ಕರ್ವೆ ವೈದ್ಯಕೀಯದಲ್ಲಿ ತಿಳಿದಿದ್ದಷ್ಟನ್ನು ನೇರವಾಗಿ ಹೇಳುತ್ತಿದ್ದರು. ಅಶ್ಲೀಲತೆಯ ಆರೋಪದ ಮೇಲೆ ಅವರನ್ನು ಕೋರ್ಟಿಗೆ ಎಳೆದದ್ದು ಒಂದು ಸಲವಲ್ಲ. 1934ರ ಮೊಕದ್ದಮೆಯಲ್ಲಿ ಅವರ ಪರ ನಿಂತವರು ಬಿ.ಆರ್. ಅಂಬೇಡ್ಕರ್. ಓದುಗರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಅಶ್ಲೀಲವಾಗದು, ವಿಕೃತಿ ಎನಿಸಿದರೂ ಅದನ್ನು ಹೋಗಲಾಡಿಸಲು ತಿಳಿವಳಿಕೆ ಬಿಟ್ಟು ಬೇರೆ ದಾರಿಯಿಲ್ಲ ಎಂಬುದು ಅವರ ವಾದದ ತಿರುಳು. ಕೇಸು ಸೋತಿತು, ಕರ್ವೆ 200 ರೂಪಾಯಿ ದಂಡ ತೆತ್ತರು. ಲೈಂಗಿಕ ಶಿಕ್ಷಣದ ಪರವಾಗಿ ಈ ದೇಶದಲ್ಲಿ ಆಮೇಲೆ ಬಂದ ವಾದಗಳಲ್ಲಿ ಅಂಬೇಡ್ಕರರದಕ್ಕಿಂತ ಗಟ್ಟಿಯಾದದ್ದು ಅಪರೂಪ. ಅಮೋಲ್ ಪಾಲೇಕರ್ ಕರ್ವೆ ದಂಪತಿಯ ಬದುಕನ್ನು ‘ಧ್ಯಾಸಪರ್ವ’ ಎಂಬ ಚಿತ್ರವಾಗಿಸಿದ್ದಾರೆ.

ಮೈಸೂರು ಸಂಸ್ಥಾನದಲ್ಲಿ ಇದೇ ಕಾಲಕ್ಕೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಿತು. ಸರ್ಕಾರಿ ಖರ್ಚಿನಲ್ಲಿ ಇಂಥದ್ದು ನಡೆದದ್ದು ಜಗತ್ತಿನಲ್ಲೇ ಮೊದಲೆಂದು ಎಣಿಸಲಾಗಿದೆ. ಆದರೆ ಅಲ್ಲಿನ ಬಾಗಿಲು ತೆರೆದಿದ್ದುದು ಮದುವೆಯಾದ ಹೆಂಗಸರಿಗೆ. ಗಾಂಧೀಜಿಯ ನಿಲುವು ಇನ್ನೊಂದು ದಿಕ್ಕಿನದು. 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದ ಮಾರ್ಗರೆಟ್ ಸ್ಯಾಂಗರ್ ಜೊತೆ ಅವರು ದೀರ್ಘವಾಗಿ ಚರ್ಚಿಸಿ, ಕೃತಕ ಸಾಧನ ಬೇಡ, ಸಂಯಮ ಸಾಕು ಎಂಬಲ್ಲೇ ನಿಂತರು. ಮೌಲ್ಯವೆಂದರೆ ಬ್ರಹ್ಮಚರ್ಯವೇ ಎಂಬ ಈ ಸಮೀಕರಣ ಎಪ್ಪತ್ತು ವರ್ಷಗಳ ನಂತರ ಸಂಸತ್ತಿನ ಸಮಿತಿಯೊಂದರ ವರದಿಯಲ್ಲೂ ಮರಳಿ ಕಾಣಿಸುತ್ತದೆ.

ಕುಟುಂಬ ಯೋಜನೆಯ ನೆರಳಲ್ಲಿ

1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಹುಟ್ಟಿತು. ಅದರ ಅಧ್ಯಕ್ಷೆ ಧನ್ವಂತಿ ರಾಮರಾವ್ ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಕಾಶ್ಮೀರಿ ಮನೆತನದವರು, ರಿಸರ್ವ್ ಬ್ಯಾಂಕಿನ ಗವರ್ನರ್ ಬೆನೆಗಲ್ ರಾಮರಾವ್ ಅವರ ಪತ್ನಿ. 1952ರಲ್ಲಿ ಇದೇ ಊರಿನಲ್ಲಿ ನಡೆದ ಸಮ್ಮೇಳನದಲ್ಲಿ ಅಂತಾರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ರೂಪುಗೊಂಡಿತು. ಕುಟುಂಬ ಯೋಜನೆಯ ಲಾಂಛನವಾದ ಕೆಂಪು ತ್ರಿಕೋನದ ಕಾಲದಲ್ಲಿ ಮಾತೆಲ್ಲ ದಂಪತಿಗಳ ಜೊತೆಗೇ. ಹದಿಹರೆಯದವರು ನಾಳೆಯ ದಂಪತಿಗಳಾಗಿ ಮಾತ್ರ ಲೆಕ್ಕಕ್ಕೆ ಬಂದರು. 1980ರಲ್ಲಿ ಶಾಲೆಗಳಿಗೆ ಬಂದ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆಯೂ ಚಿಕ್ಕ ಕುಟುಂಬದ ಪಾಠ ಹೇಳಿತು, ಆ ಕುಟುಂಬ ಹೇಗೆ ಆಗುತ್ತದೆಂದು ಹೇಳಲಿಲ್ಲ.

ಸಂಘದೊಳಗಿದ್ದು ಇದನ್ನು ಬದಲಿಸಿದವರು ಸ್ತ್ರೀರೋಗ ತಜ್ಞ ಮಹಿಂದರ್ ವತ್ಸ (1924–2020). ಮದುವೆಯ ಮುಂಚಿನವರಿಗೂ ಸಲಹೆ ಬೇಕೆಂದು ಅವರು ಪಟ್ಟುಹಿಡಿದ ಫಲವಾಗಿ ಸಂಘವು 1978ರಲ್ಲಿ ಲೈಂಗಿಕ ಶಿಕ್ಷಣ ಮತ್ತು ಸಮಾಲೋಚನೆಯ ಕೇಂದ್ರ ತೆರೆಯಿತು. ಎಂಬತ್ತು ದಾಟಿದ ಮೇಲೆ, 2005ರಿಂದ, ‘ಮುಂಬಯಿ ಮಿರರ್’ ಪತ್ರಿಕೆಯಲ್ಲಿ ಅವರು ಬರೆದ ಪ್ರಶ್ನೋತ್ತರ ಅಂಕಣ ಲೋಕಲ್ ಡಬ್ಬಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಬೋಧನೆಯಿಲ್ಲ, ಗದರಿಕೆಯಿಲ್ಲ, ಎರಡು ಸಾಲಿನ ಉತ್ತರ, ಒಂದಿಷ್ಟು ತಮಾಷೆ. ಕರ್ವೆಯ ಓದುಗರು 1930ರ ದಶಕದಲ್ಲಿ ಕೇಳಿದ್ದನ್ನೇ ವತ್ಸರ ಓದುಗರೂ ಕೇಳಿದರು: ಧಾತು ಹೋದರೆ ಶಕ್ತಿ ಹೋಗುತ್ತದೆಯೇ, ನನ್ನ ಅಂಗದ ಅಳತೆ ಸಾಕೇ. ನಡುವೆ ಎರಡು ತಲೆಮಾರು ಶಾಲೆ ಮುಗಿಸಿದ್ದವು.

ಕನ್ನಡದಲ್ಲಿ ಈ ಕೆಲಸವನ್ನು ಪುಸ್ತಕ ಮಾಡಿತು. ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ (1934–1991) ಅವರ ‘ಕೇಳು ಕಿಶೋರಿ’ ಮೈನೆರೆಯುವ ಹುಡುಗಿಯನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿದ ಪುಸ್ತಕ; ಮದುವೆಯಾದವರಿಗೆ ಅವರೇ ಬರೆದ ‘ದಾಂಪತ್ಯ ದೀಪಿಕೆ’ಯೂ ಮನೆಮನೆಯ ಕಪಾಟು ಸೇರಿತು. ಹುಡುಗನನ್ನು ಹಾಗೆ ಎದುರಿಗೆ ಕೂರಿಸಿ ಮಾತಾಡಿಸಿದ, ಅಷ್ಟೇ ಜನಪ್ರಿಯವಾದ ಜೋಡಿ ಪುಸ್ತಕ ಕನ್ನಡಕ್ಕೆ ಬರಲಿಲ್ಲವೆಂದೇ ಹೇಳಬೇಕು. ಬೆಂಗಳೂರಿನಲ್ಲಿ 2001ರಲ್ಲಿ ಇಬ್ಬರು ಸ್ತ್ರೀರೋಗ ತಜ್ಞೆಯರು ಆರಂಭಿಸಿದ ಎನ್‌ಫೋಲ್ಡ್ ಸಂಸ್ಥೆ ಶಾಲಾ ಮಕ್ಕಳಿಗೆ ದೇಹದ ಸುರಕ್ಷತೆ ಮತ್ತು ಲೈಂಗಿಕತೆಯ ಪಾಠಗಳನ್ನು ರೂಪಿಸಿತು. ಥಾಣೆಯಲ್ಲಿ ಮನೋವೈದ್ಯ ಆನಂದ ನಾಡಕರ್ಣಿ 1990ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಮನಸ್ಸಿನ ಆರೋಗ್ಯವನ್ನು ಆಸ್ಪತ್ರೆಯಿಂದ ಶಾಲೆ ಮತ್ತು ಪಾಲಕರ ಸಭೆಗಳಿಗೆ ತಂದಿತು.

ಏಡ್ಸ್ ಮತ್ತು ನಿಷೇಧ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ. ಮಹಾರಾಷ್ಟ್ರ, ಕರ್ನಾಟಕ ಎರಡೂ ಹೆಚ್ಚು ಸೋಂಕಿನ ರಾಜ್ಯಗಳ ಸಾಲಿಗೆ ಸೇರಿದವು. 2005ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದವು. 9 ಮತ್ತು 11ನೇ ತರಗತಿಗೆ 16 ಗಂಟೆಗಳ ಪಾಠ. ಶಿಕ್ಷಕರ ಕೈಪಿಡಿಯ ಚಿತ್ರಗಳ ಮೇಲೆ ಗದ್ದಲವೆದ್ದಿತು. 2007ರಲ್ಲಿ ಮಹಾರಾಷ್ಟ್ರದ ಶಾಸಕರು ಪಕ್ಷಭೇದ ಮರೆತು ವಿರೋಧಿಸಿ ಅದನ್ನು ನಿಲ್ಲಿಸಿದರು, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ ಕರ್ನಾಟಕವೂ ಬೇಡವೆಂದಿತು. ಗಡಿ, ನೀರು ಎಂದು ಬೇರೆಲ್ಲದಕ್ಕೂ ಜಗಳವಾಡುವ ಎರಡು ರಾಜ್ಯಗಳು ಒಂದೇ ಮಾತಾಡಿದ ಅಪರೂಪದ ಸಂದರ್ಭ ಇದು. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ 2009ರಲ್ಲಿ ವರದಿ ಕೊಟ್ಟು, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕೂಡದು, ಮದುವೆಗೆ ಮುಂಚಿನ ಸಂಬಂಧ ಅನೈತಿಕವೆಂದು ಕಲಿಸಬೇಕು, ಮಹಾಪುರುಷರ ಬದುಕನ್ನು ಪಠ್ಯಕ್ಕೆ ತರಬೇಕು ಎಂದಿತು. ಯುನೆಸ್ಕೊ ತನ್ನ ಅಂತಾರಾಷ್ಟ್ರೀಯ ಮಾರ್ಗಸೂಚಿಯನ್ನು ಪ್ರಕಟಿಸಿದ್ದೂ ಅದೇ ವರ್ಷ. ಕಾರ್ಯಕ್ರಮ ಪೂರ್ತಿ ಸಾಯಲಿಲ್ಲ. ಚಿತ್ರ ಕಳಚಿ, ಜೀವನ ಕೌಶಲದ ಹೆಸರಿನಲ್ಲಿ ಉಳಿಯಿತು.

ಸರ್ಕಾರ ಬಿಟ್ಟ ಜಾಗದಲ್ಲಿ ಹೆಚ್ಚು ಜಾಣತನದ ಪ್ರಯೋಗಗಳು ನಡೆದವು, ಅವೂ ಮುಂಬಯಿಯಲ್ಲೇ. ಬ್ರೆಜಿಲಿನ ಮಾದರಿಯನ್ನು ಇಲ್ಲಿನ ಬಸ್ತಿಗಳಿಗೆ ಒಗ್ಗಿಸಿದ ‘ಯಾರಿ ದೋಸ್ತಿ’ ಯುವಕರ ಜೊತೆ ಗಂಡಸುತನದ ಬಗ್ಗೆಯೇ ಮಾತಿಗಿಳಿಯಿತು. 2008ರಿಂದ 2010ರವರೆಗೆ 45 ನಗರಪಾಲಿಕೆ ಶಾಲೆಗಳ 6–7ನೇ ತರಗತಿಗಳಲ್ಲಿ ನಡೆದ ‘ಜೆಮ್ಸ್’ ಕಾರ್ಯಕ್ರಮ, ಮನೆಯಲ್ಲಿ ನೀರು ತುಂಬುವವರು ಯಾರು, ಹೊಡೆತ ಪ್ರೀತಿಯೇ ಎಂಬಂಥ ಪ್ರಶ್ನೆಗಳಿಂದ ಆರಂಭಿಸಿತು. ‘ಪರಿವರ್ತನ್’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ಈ ಪಾಠ ಹೇಳಿದವರು ಕ್ರಿಕೆಟ್ ಕೋಚುಗಳು. ವಿಜ್ಞಾನದ ಮೇಷ್ಟ್ರು ಸಂತಾನೋತ್ಪತ್ತಿಯ ಅಧ್ಯಾಯವನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ಬಿಟ್ಟುಬಿಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೋಚ್ ಹೇಳಿದ್ದನ್ನು ಹುಡುಗರು ಕೇಳುತ್ತಾರೆ.

ರೂಪದ ಚಿಂತೆ

ಕನ್ನಡಿಯ ಮುಂದಿನ ಸಂಕಟಕ್ಕೆ ಸರ್ಕಾರಿ ಪಠ್ಯದಲ್ಲಿ ಜಾಗ ಸಿಕ್ಕಿದ್ದು ತಡವಾಗಿ, ಮಾರುಕಟ್ಟೆಗೆ ಮಾತ್ರ ಅದು ಬೇಗ ಅರ್ಥವಾಯಿತು. ಮುಂಬಯಿಯ ಹಿಂದೂಸ್ತಾನ್ ಲಿವರ್ 1975ರಲ್ಲಿ ಫೇರ್ ಅಂಡ್ ಲವ್ಲಿ ತಂದಿತು. ಕಪ್ಪು ಹುಡುಗಿಗೆ ವರನೂ ಇಲ್ಲ, ನೌಕರಿಯೂ ಇಲ್ಲ ಎಂಬ ಪಾಠವನ್ನು ಅದರ ಜಾಹೀರಾತುಗಳು ದಶಕಗಟ್ಟಲೆ ಕಲಿಸಿದವು. 2005ರಲ್ಲಿ ಇಮಾಮಿ ಕಂಪನಿ ಗಂಡಸರಿಗೂ ಬಿಳಿಯಾಗುವ ಕ್ರೀಮು ತಂದಿತು. ಜಗತ್ತಿನಾದ್ಯಂತ ಟೀಕೆ ಎದ್ದ ಮೇಲೆ, 2020ರಲ್ಲಿ, ಮೊದಲಿನ ಕ್ರೀಮು ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು. ಅಷ್ಟರಲ್ಲಿ ಮೊಬೈಲಿನ ಫಿಲ್ಟರು ಬಂದಿತ್ತು, ಹುಡುಗರ ಪಾಲಿಗೆ ಜಿಮ್ಮಿನ ಪ್ರೋಟೀನ್ ಪುಡಿ. ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ತೆರೆಯಿತು.

ಅದೇ ವರ್ಷ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಸಲಹಾ ಕೇಂದ್ರಗಳಿವೆ. ಮಹಾರಾಷ್ಟ್ರದಲ್ಲಿ ಅವು ಮೈತ್ರಿ ಕ್ಲಿನಿಕ್, ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್. 2020ರ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು ಹನ್ನೊಂದು ವಿಷಯಗಳನ್ನು ವಹಿಸಿತು. ಮೌಲ್ಯ, ಲಿಂಗಸಮಾನತೆ, ಸಂತಾನೋತ್ಪತ್ತಿಯ ಆರೋಗ್ಯ, ಅಂತರ್ಜಾಲದ ಸುರಕ್ಷತೆ ಅದರಲ್ಲಿ ಒಟ್ಟಿಗೇ ಇವೆ.

ಥಾಣೆ ಜಿಲ್ಲೆ, 2021ರಿಂದ

2021ರ ಜನವರಿಯಲ್ಲಿ ಥಾಣೆಯ ವಾಗ್ಳೆ ಎಸ್ಟೇಟಿನ ಶಾಂತಿನಗರ ಬಸ್ತಿಯ ಸಾರ್ವಜನಿಕ ಶೌಚಾಲಯದಲ್ಲಿ ಮುಟ್ಟಿನ ಕೋಣೆಯೊಂದು ತೆರೆಯಿತು. ಮ್ಯೂಸ್ ಫೌಂಡೇಶನ್ ಮತ್ತು ಥಾಣೆ ಮಹಾನಗರಪಾಲಿಕೆ ಸೇರಿ ಮಾಡಿದ ಇದರಲ್ಲಿ ಇದ್ದದ್ದು ನಲ್ಲಿ ನೀರು, ಸೋಪು, ಕಸದ ಬುಟ್ಟಿ. ಒಂದು ಕೋಣೆಯ ಮನೆಗಳಲ್ಲಿ ಹುಡುಗಿಯರಿಗೆ ಸಿಗದಿದ್ದುದು ಇಷ್ಟೇ. ಇದೇ ಜಿಲ್ಲೆಯ ಶಹಾಪುರದಲ್ಲಿ 2025ರ ಜುಲೈಯಲ್ಲಿ, ಶೌಚಾಲಯದಲ್ಲಿ ರಕ್ತದ ಕಲೆ ಕಂಡಿತೆಂದು ಖಾಸಗಿ ಶಾಲೆಯೊಂದು ಹುಡುಗಿಯರನ್ನು ಸಭಾಂಗಣದಲ್ಲಿ ಸೇರಿಸಿ, ಯಾರು ಮುಟ್ಟಾಗಿದ್ದಾರೆಂದು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿಸಿತು. ಪ್ರಾಂಶುಪಾಲೆ ಬಂಧನಕ್ಕೊಳಗಾದರು. ಲೈಂಗಿಕ ಶಿಕ್ಷಣ ಮೊದಲು ಬೇಕಾದದ್ದು ಯಾರಿಗೆ ಎಂಬ ಪ್ರಶ್ನೆಯನ್ನು ಈ ಘಟನೆ ನೇರವಾಗಿ ಕೇಳಿತು.

ಕಲ್ಯಾಣದಾಚೆಯ ಬದಲಾಪುರದಲ್ಲಿ 2024ರ ಆಗಸ್ಟ್‌ನಲ್ಲಿ ಶಿಶುವಿಹಾರದ ಇಬ್ಬರು ಹೆಣ್ಣುಮಕ್ಕಳ ಮೇಲೆ ಶಾಲೆಯಲ್ಲೇ ದೌರ್ಜನ್ಯ ನಡೆದದ್ದು ಗೊತ್ತಾದಾಗ ಜನ ರೈಲು ಹಳಿಗಿಳಿದು ಲೋಕಲ್ ಸಂಚಾರ ನಿಲ್ಲಿಸಿದರು. ಬಾಂಬೆ ಹೈಕೋರ್ಟ್ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡು, ಹುಡುಗರಿಗೆ ಚಿಕ್ಕಂದಿನಿಂದಲೇ ಸರಿತಪ್ಪು ಕಲಿಸದೆ ಹುಡುಗಿಯರನ್ನು ಕಾಪಾಡಲಾಗದು ಎಂಬರ್ಥದ ಮಾತಾಡಿತು, ಶಾಲಾ ಸುರಕ್ಷತೆಗೆ ಸಮಿತಿ ನೇಮಿಸಿತು. 2012ರ ಪೋಕ್ಸೊ ಕಾಯ್ದೆ ಇಂಥ ಪ್ರಕರಣಗಳಿಗೆ ಬಲ ಕೊಟ್ಟಿದೆ. ಹದಿನೆಂಟರ ಒಳಗಿನವರ ನಡುವಿನ ಪರಸ್ಪರ ಒಪ್ಪಿಗೆಯ ಸಂಬಂಧವನ್ನೂ ಅಪರಾಧದೊಳಗೇ ಇಟ್ಟಿದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಈ ತೊಡಕನ್ನು ಎತ್ತಿ, 9ನೇ ತರಗತಿಯಿಂದಲೇ ಮಕ್ಕಳಿಗೆ ಕಾಯ್ದೆ ತಿಳಿಸಿಕೊಡಲು ಸೂಚಿಸಿತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, 9ನೇ ತರಗತಿಯವರೆಗೂ ಕಾಯಬಾರದು, ಇನ್ನೂ ಮೊದಲೇ ಕಲಿಸಬೇಕು ಎಂದಿತು.

2007ರಲ್ಲಿ ಬೇಡವೆಂದಿದ್ದ ಕರ್ನಾಟಕ 2025ರಲ್ಲಿ ಮನಸ್ಸು ಬದಲಿಸಿತು. 8ರಿಂದ 12ನೇ ತರಗತಿಗೆ ವಾರಕ್ಕೆ ಎರಡು ಸಲ ಪಾಠ ನಡೆಯುವುದೆಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಪ್ರಕಟಿಸಿದರು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯಕ್ಕೋ ಥಾಣೆ, ನೆರೂಲ್‌ಗಳ ಬೇರೆ ಶಾಲೆಗಳಿಗೋ ಹೋಗುವ ಕನ್ನಡದ ಮನೆಯ ಮಕ್ಕಳಿಗೆ ಆ ನಿರ್ಧಾರ ಅನ್ವಯಿಸುವುದಿಲ್ಲ. ಅವರ ಪಠ್ಯ ನಿರ್ಧಾರವಾಗುವುದು ಪುಣೆಯಲ್ಲಿ ಅಥವಾ ದಿಲ್ಲಿಯಲ್ಲಿ.