ಮಗುಚುವವರು ಯಾರು?

ಕೃಷಿ ತರಬೇತಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ: ತಿಳಿದವರು ಹೇಳುತ್ತಾರೆ, ರೈತರು ಕೇಳುತ್ತಾರೆ. ಸಾವಯವ ಕೃಷಿಯ ಚರಿತ್ರೆಯ ಮೊದಲ ಪುಟಗಳಲ್ಲಿ ಈ ಕ್ರಮ ತಿರುವುಮುರುವಾಗಿತ್ತು.

1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಸಸ್ಯಶಾಸ್ತ್ರಜ್ಞರಾಗಿ ಬಂದ ಆಲ್ಬರ್ಟ್ ಹೋವರ್ಡ್, ಸುತ್ತಲಿನ ಹೊಲಗಳಲ್ಲಿ ಯಾವ ಔಷಧಿಯ ಸಿಂಪಡಣೆಯೂ ಇಲ್ಲದೆ ಬೆಳೆ ನಳನಳಿಸುವುದನ್ನು ಕಂಡರು. ಅಲ್ಲಿನ ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತಮ್ಮ ಗುರುಗಳೆಂದು ಮುಂದೆ ಬರೆದುಕೊಂಡರು. ಅವರ ಪತ್ನಿ ಗೇಬ್ರಿಯೆಲ್ ಕೂಡ ಸಸ್ಯವಿಜ್ಞಾನಿಯೇ. ಸರಿಸಮನಾಗಿ ದುಡಿದ ಆಕೆಯ ಹೆಸರನ್ನು ಇಂದು ನೆನೆಯುವವರು ಕಡಿಮೆ.

1924ರಲ್ಲಿ ಹತ್ತಿ ಸಮಿತಿ ಮತ್ತು ಮಧ್ಯಭಾರತದ ಸಂಸ್ಥಾನಗಳ ನೆರವಿನಿಂದ ಇಂದೂರಿನಲ್ಲಿ ಅವರ ಸಂಸ್ಥೆ ತಲೆಯೆತ್ತಿತು. ಅಲ್ಲಿ ಎದುರಾದ ತೊಡಕು ನಮ್ಮ ಬಯಲುಸೀಮೆಯವರಿಗೂ ಚಿರಪರಿಚಿತ. ಸಗಣಿಯೆಲ್ಲ ಬೆರಣಿಯಾಗಿ ಒಲೆ ಸೇರುತ್ತದೆ, ಗಂಜಳ ಕೊಟ್ಟಿಗೆಯ ನೆಲದಲ್ಲಿ ಇಂಗುತ್ತದೆ, ಹೊಲಕ್ಕೆ ಉಳಿಯುವುದು ಅತ್ಯಲ್ಪ. ಹೋವರ್ಡ್ ಕೊಟ್ಟಿಗೆಯ ಮಣ್ಣನ್ನೇ ಗೊಬ್ಬರದ ಸಾಮಗ್ರಿಯಾಗಿಸಿದರು: ಗಂಜಳ ಹೀರಿದ ಮಣ್ಣನ್ನು ಕಾಲಕಾಲಕ್ಕೆ ಅಗೆದು ತೆಗೆದು ಹೊಸ ಮಣ್ಣು ಹರಡುವುದು. ಗಟ್ಟಿಯಾದ ಹತ್ತಿಕಡ್ಡಿಯನ್ನು ಗಾಡಿದಾರಿಗೆ ಹಾಸಿ ಚಕ್ರಗಳಡಿ ಪುಡಿಯಾಗಿಸುವುದು. ಬಳಿಕ 30 ಅಡಿ ಉದ್ದ, 14 ಅಡಿ ಅಗಲ, 2 ಅಡಿ ಆಳದ ಗುಂಡಿಯಲ್ಲಿ ಕಸಕಡ್ಡಿ, ಸಗಣಿ, ಗಂಜಳದ ಮಣ್ಣು, ಬೂದಿಗಳನ್ನು ಪದರಪದರವಾಗಿ ಹರಡಿ, ನೀರು ಚಿಮುಕಿಸಿ, ಮೂರು ಬಾರಿ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಅಂಗಡಿಯಿಂದ ತರಬೇಕಾದದ್ದು ಏನೂ ಇಲ್ಲ. ಚೀನಾದ ರೈತರ ಪದ್ಧತಿಗಳಿಂದಲೂ ಪ್ರೇರಣೆ ಪಡೆದ ಈ ವಿಧಾನವನ್ನು ಅವರು ಸಹೋದ್ಯೋಗಿ ಯಶವಂತ ವಾಡ್ ಅವರೊಂದಿಗೆ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹಿಂದಿ ಸಾಹಿತ್ಯ ಸಮ್ಮೇಳನಕ್ಕೆಂದು 1935ರ ಏಪ್ರಿಲಿನಲ್ಲಿ ಇಂದೂರಿಗೆ ಬಂದ ಗಾಂಧೀಜಿ ಈ ಗುಂಡಿಗಳನ್ನು ನೋಡಲು ಹೋಗಿದ್ದರು.

ಆದರೆ ಈ ವಿಧಾನವನ್ನು ಓದುವಾಗ ಒಂದು ಪ್ರಶ್ನೆ ಬೆನ್ನು ಬಿಡುವುದಿಲ್ಲ: ಮಗುಚುವವರು ಯಾರು? ಸಂಶೋಧನಾ ಕ್ಷೇತ್ರದಲ್ಲಿ ಕೂಲಿಯಾಳುಗಳಿದ್ದರು, ನೀರಿತ್ತು. ಒಂದು ಜೊತೆ ಎತ್ತು, ನಾಲ್ಕು ಎಕರೆ ಒಣಭೂಮಿಯ ಸಂಸಾರದಲ್ಲಿ ಎರಡೂ ದುಬಾರಿ.

ಈ ಪ್ರಶ್ನೆಗೆ ಒಂದು ಬಗೆಯ ಉತ್ತರ ಬಂದದ್ದು ಬೆಂಗಳೂರಿನಿಂದ. 1939ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ಕ್ರಮದಲ್ಲಿ ಪಟ್ಟಣದ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಹಾಗೆಯೇ ಬಿಡುವುದು. ಮಗುಚುವ ಗೋಜಿಲ್ಲ, ಮೇಲಿಂದ ಮೇಲೆ ನೀರೂ ಬೇಡ. ಇಂದಿಗೂ ಕೃಷಿ ಪಠ್ಯಗಳಲ್ಲಿ ‘ಇಂದೂರು ವಿಧಾನ’ದ ಪಕ್ಕದಲ್ಲೇ ‘ಬೆಂಗಳೂರು ವಿಧಾನ’ ಇರುತ್ತದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ! ಗಾಳಿಯಾಡದ ಗುಂಡಿಯಿಂದ ಮೀಥೇನ್ ಹೊಮ್ಮುತ್ತದೆಂಬ ಇಂದಿನ ಆಕ್ಷೇಪ ನ್ಯಾಯವೇ. ನನ್ನನ್ನು ಹೆಚ್ಚು ಕಾಡುವುದು ಬೇರೆಯದು. ಕಂದಕದವರೆಗೆ ಮಲ ಹೊತ್ತವರು ಯಾವ ಜಾತಿಯವರೆಂದು ಯಾರೂ ಕೇಳಬೇಕಾಗಿರಲಿಲ್ಲ. ಸಾರಜನಕವನ್ನು ಲೆಕ್ಕವಿಟ್ಟಷ್ಟು ಶ್ರದ್ಧೆಯಿಂದ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡವರಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದದ್ದು 1993ರಲ್ಲಿ.

ಪುಣೆಯಿಂದ ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪ ಸಾವಯವ ತರಬೇತಿಯ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನು ಕಂಡೆ. ಹಿತ್ತಲಿನ ಎರೆಹುಳು ತೊಟ್ಟಿಯಲ್ಲಿ ಸೌದೆ ಪೇರಿಸಿತ್ತು. ಚಿಕ್ಕಮ್ಮ ಸಗಣಿಯ ಬುಟ್ಟಿಯನ್ನು ಹಳೆಯ ತಿಪ್ಪೆಗೇ ಸುರಿಯುತ್ತಿದ್ದರು. ತೊಟ್ಟಿಗೆ ಯಾಕೆ ಹಾಕಲಿಲ್ಲವೆಂದು ಕೇಳಿದೆ.

“ತರಬೇತಿಗೆ ಹೋದೋರು ನಿಮ್ಮ ಚಿಕ್ಕಪ್ಪ. ದಿನಾ ನೀರು ಹೊರೋಳು ನಾನಲ್ವೇನಪ್ಪಾ?” ಎಂದರು.