ನಾಗಿನ್ ಪುಂಗಿ ಊದಿದವರು ಯಾರು? ಹಾಡಿನ ಹಿಂದೆ ಕೂತವರ ಕಥೆ

ಮದುವೆ ದಿಬ್ಬಣದಲ್ಲಿ ಬ್ಯಾಂಡ್‌ಸೆಟ್‌ನವರು ನಾಗಿನ್ ಟ್ಯೂನ್ ಹಿಡಿದರೆ ಸಾಕು. ಕರ್ಚೀಫಿನ ತುದಿ ಬಾಯಲ್ಲಿ ಕಚ್ಚಿಕೊಂಡು ಪುಂಗಿ ಊದುವವನೊಬ್ಬ, ಎರಡೂ ಕೈ ಜೋಡಿಸಿ ಹೆಡೆ ಆಡಿಸುವವನೊಬ್ಬ ಯಾವ ಊರಲ್ಲಾದರೂ ಸಿಕ್ಕೇ ಸಿಗುತ್ತಾರೆ. ಆ ಟ್ಯೂನ್ ಬಂದದ್ದು 1954ರ ಹಿಂದಿ ಸಿನಿಮಾ ‘ನಾಗಿನ್’ನಿಂದ. ಸಂಗೀತ ನಿರ್ದೇಶನ ಹೇಮಂತ್ ಕುಮಾರ್ ಅವರದು.

ತಮಾಷೆ ಏನೆಂದರೆ ಆ ಹಾಡಿನಲ್ಲಿ ಪುಂಗಿಯೇ ಇಲ್ಲ. ಅದು ಕ್ಲಾವಿಯೋಲಿನ್ ಅನ್ನುವ, ಕರೆಂಟಿನಿಂದ ನಡೆಯುವ ಪುಟ್ಟ ಕೀಬೋರ್ಡು. ನುಡಿಸಿದವರು ಕಲ್ಯಾಣ್‌ಜಿ. ಜೊತೆಗೆ ಹಾರ್ಮೋನಿಯಂ ಹಿಡಿದವರು ರವಿ. ಮುಂದೆ ಇಬ್ಬರೂ ದೊಡ್ಡ ಸಂಗೀತ ನಿರ್ದೇಶಕರಾದರು. ಹಾಗಾಗಿ ಈ ಸಂಗತಿ ಹೊರಗೆ ಬಂತು, ನಮಗೂ ಗೊತ್ತಾಯಿತು. ಅದೇ ಹಾಡಿಗೆ ಪಿಟೀಲು ಎಳೆದವರು, ತಾಳ ಕೊಟ್ಟವರು ಸಂಗೀತ ನಿರ್ದೇಶಕರಾಗಲಿಲ್ಲ. ಅವರ ಹೆಸರು ಯಾರ ಬಾಯಲ್ಲೂ ಇಲ್ಲ.

ನಮ್ಮ ಹಳ್ಳಿ ನಾಟಕದ ಹ್ಯಾಂಡ್‌ಬಿಲ್ ಒಮ್ಮೆ ನೆನಪು ಮಾಡಿಕೊಳ್ಳಿ. ಪಾತ್ರಧಾರಿಗಳ ಪಟ್ಟಿ ಮುಗಿದ ಮೇಲೆ ಹಾರ್ಮೋನಿಯಂ ಮಾಸ್ತರು ಯಾರು, ತಬಲಾ ಯಾರದು, ಕ್ಯಾಸಿಯೋ ಯಾರದು ಅಂತ ಅವರ ಊರಿನ ಸಮೇತ ಅಚ್ಚಾಗಿರುತ್ತದೆ. ಕರಾವಳಿ ಕಡೆಯ ಯಕ್ಷಗಾನದ ಕರಪತ್ರದಲ್ಲಿ ಭಾಗವತರು, ಮದ್ದಳೆ, ಚೆಂಡೆಯವರಿಗೆ ಹಿಮ್ಮೇಳ ಅಂತ ಬೇರೆ ಜಾಗವೇ ಇದೆ. ಒಂದು ರಾತ್ರಿಯ ಆಟಕ್ಕೆ ನಾವು ಇಷ್ಟು ಮಾಡುತ್ತೇವೆ. ಎಪ್ಪತ್ತು ವರ್ಷ ಬಾಳುವ ಹಾಡಿಗೆ ಸಿನಿಮಾದವರು ಇದನ್ನು ಮಾಡಲಿಲ್ಲ.

ಆಗಿನ ಕಾಲದಲ್ಲಿ ಹಾಡುವವರದ್ದೂ ಇದೇ ಪಾಡು. 1949ರ ‘ಮಹಲ್’ ಸಿನಿಮಾದ ಹಾಡಿನ ರೆಕಾರ್ಡಿನ ಮೇಲೆ ಗಾಯಕಿಯ ಹೆಸರು ಅಂತ ಇದ್ದದ್ದು ಕಾಮಿನಿ. ಕಾಮಿನಿ ಅಂದರೆ ಸಿನಿಮಾದಲ್ಲಿ ಮಧುಬಾಲಾ ಮಾಡಿದ ಪಾತ್ರ. ಹಾಡಿದ್ದು ಲತಾ ಮಂಗೇಶ್ಕರ್. ಹಾಡಿದ್ದು ಯಾರು ಅಂತ ಕೇಳುಗರು ರೇಡಿಯೋಕ್ಕೆ ಕಾಗದ ಬರೆದ ಮೇಲೆಯೇ ಲತಾ ಹೆಸರು ಹೊರಬಿದ್ದದ್ದು. ಆಮೇಲೆ ಅವರು ಹೆಸರಿಗಾಗಿ, ರಾಯಲ್ಟಿಗಾಗಿ ಜಗಳ ಆಡಿದರು. ರಾಯಲ್ಟಿ ವಿಚಾರಕ್ಕೆ 1960ರ ದಶಕದಲ್ಲಿ ಮೊಹಮ್ಮದ್ ರಫಿ ಜೊತೆ ಮನಸ್ತಾಪವೂ ಆಯಿತು. ಅವರು ಲತಾ, ಅವರಿಲ್ಲದೆ ಹಾಡು ನಡೆಯುತ್ತಿರಲಿಲ್ಲ, ಜಗಳ ಆಡಬಹುದಿತ್ತು. ಹಿಂದಿನ ಸಾಲಿನಲ್ಲಿ ಕೂತ ಪಿಟೀಲಿನವನು ಜಗಳ ಆಡಿದರೆ ಮಾರನೇ ದಿನ ಆ ಕುರ್ಚಿಯಲ್ಲಿ ಇನ್ನೊಬ್ಬ.

ಹಾಗಾದರೆ ಈ ಹಿಂದಿನ ಸಾಲಿನವರು ಎಲ್ಲಿಂದ ಬಂದರು? ಬಹಳ ಮಂದಿ ನಮ್ಮ ಪಕ್ಕದ ಗೋವಾದ ಹಳ್ಳಿಗಳಿಂದ.

1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿ ಚರ್ಚಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಪ್ರಾರ್ಥನೆಯ ಜೊತೆಗೆ ಪಿಟೀಲು ಕಲಿಸುತ್ತಿದ್ದರು, ಸಂಗೀತವನ್ನು ಬರೆಯಲು ಓದಲು ಕಲಿಸುತ್ತಿದ್ದರು. ನೊಟೇಶನ್ ಅಂದರೆ ಐದು ಗೆರೆಗಳ ಮೇಲೆ ಚುಕ್ಕೆ ಇಟ್ಟು ರಾಗ ಬರೆಯುವ ಲಿಪಿ. ಹತ್ತು ಹನ್ನೆರಡು ವರ್ಷದ ಹುಡುಗ ಅದನ್ನು ನಾವು ಪೇಪರ್ ಓದಿದ ಹಾಗೆ ಓದುತ್ತಿದ್ದ. ಊರಲ್ಲಿ ಕೆಲಸ ಇಲ್ಲ, ಜಮೀನು ಸಣ್ಣದು. ಮುಂಬೈಗೆ ಹೋದರೆ ಹೋಟೆಲುಗಳಲ್ಲಿ ಬ್ಯಾಂಡ್ ಇತ್ತು, ಮೂಕಿ ಸಿನಿಮಾ ಕಾಲದಲ್ಲಿ ಪರದೆ ಎದುರು ಕೂತು ನುಡಿಸುವ ಕೆಲಸವೂ ಇತ್ತು. ಅಲ್ಲಿ ಒಂದೊಂದು ಹಳ್ಳಿಯವರು ಸೇರಿ ಬಾಡಿಗೆಗೆ ಹಿಡಿದ ಕೋಣೆಗಳಿಗೆ ‘ಕೂಡ್’ ಅನ್ನುತ್ತಿದ್ದರು. ಹೊಸದಾಗಿ ಬಂದ ಹುಡುಗನಿಗೆ ಚಾಪೆ ಹಾಸಲು ಜಾಗ, ಪೆಟ್ಟಿಗೆ ಇಡಲು ಮೂಲೆ ಅಲ್ಲಿ ಸಿಗುತ್ತಿತ್ತು. ಉತ್ತರ ಕರ್ನಾಟಕದಿಂದ ಗೋವಾಕ್ಕೆ ದುಡಿಯಲು ಹೋಗುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾತಿನ ಸಿನಿಮಾ ಬಂತು, ಹಾಡು ಬಂತು. ಸಂಗೀತ ನಿರ್ದೇಶಕರಿಗೆ ದೊಡ್ಡ ವಾದ್ಯಗೋಷ್ಠಿ ಬೇಕಾಯಿತು. ಆದರೆ ಅವರಲ್ಲಿ ಹೆಚ್ಚಿನವರು ಹಾರ್ಮೋನಿಯಂ ಮೇಲೆ ರಾಗ ಕಟ್ಟುವವರು, ಕಿವಿಯಿಂದ ಕಲಿತವರು. ಅರವತ್ತು ಜನಕ್ಕೆ ಬಾಯಲ್ಲಿ ಹೇಳಿಕೊಡುತ್ತಾ ಕೂತರೆ ಒಂದು ಹಾಡಿಗೆ ಒಂದು ತಿಂಗಳು ಬೇಕು. ಆಗ ಬಂದವನು ಅರೇಂಜರ್. ನಿರ್ದೇಶಕರು ಗುನುಗಿದ್ದನ್ನು ಇವನು ಬರೆದುಕೊಳ್ಳುತ್ತಾನೆ. ಪಲ್ಲವಿ ಮುಗಿದ ಮೇಲೆ ಪಿಟೀಲುಗಳು ಏನು ಮಾಡಬೇಕು, ಕೊಳಲು ಎಲ್ಲಿ ಬರಬೇಕು, ಹಾಡುವವರ ದನಿಯ ಕೆಳಗೆ ಏನು ಹರಿಯಬೇಕು ಅನ್ನುವುದನ್ನೆಲ್ಲ ಯೋಚಿಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆ ಬರೆದು ಸ್ಟ್ಯಾಂಡಿನ ಮೇಲೆ ಇಡುತ್ತಾನೆ. ನಾವು ‘ಮ್ಯೂಸಿಕ್ ಚೆನ್ನಾಗಿದೆ’ ಅಂದಾಗ ಹೊಗಳುವುದು ಎಷ್ಟೋ ಸಲ ಇವನ ಕೆಲಸವನ್ನೇ. ಟೈಟಲ್ ಕಾರ್ಡಿನಲ್ಲಿ ಇವನಿಗೆ ಸಿಕ್ಕ ಪದ ‘ಸಹಾಯಕ’.

ಅಂಥವರಲ್ಲಿ ಸೆಬಾಸ್ಟಿಯನ್ ಡಿಸೋಜಾ ಒಬ್ಬರು. ದೇಶ ವಿಭಜನೆಗೆ ಮುಂಚೆ ಲಾಹೋರಿನ ಹೋಟೆಲಿನಲ್ಲಿ ಅವರ ಬ್ಯಾಂಡ್ ಇತ್ತು. ವಿಭಜನೆಯಾದ ಮೇಲೆ ಅವರು ಮುಂಬೈ ಸೇರಿದರು. ಓ.ಪಿ. ನಯ್ಯರ್‌ಗೆ, ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಶಂಕರ್-ಜೈಕಿಶನ್‌ಗೆ ಅರೇಂಜರ್ ಆಗಿದ್ದರು. ರಾಜ್ ಕಪೂರ್ ಸಿನಿಮಾದ ಹಾಡುಗಳಲ್ಲಿ ಪಿಟೀಲುಗಳು ಅಲೆಯ ಹಾಗೆ ಏರಿ ಬರುತ್ತವಲ್ಲ, ಅದರ ಹಿಂದೆ ಇವರ ಪೆನ್ಸಿಲ್ ಇದೆ. ಅಲ್ಡೋನಾ ಊರಿನ ಅಂಟೋನಿಯೊ ಕ್ಸೇವಿಯರ್ ವಾಝ್ ಅವರನ್ನು ಎಲ್ಲರೂ ಚಿಕ್ ಚಾಕೊಲೇಟ್ ಅನ್ನುತ್ತಿದ್ದರು. ಟ್ರಂಪೆಟ್ ಊದುವುದರಲ್ಲಿ ಎತ್ತಿದ ಕೈ. 1951ರ ‘ಅಲ್ಬೇಲಾ’ದಲ್ಲಿ ಅವರು ತಮ್ಮ ಬ್ಯಾಂಡಿನ ಜೊತೆ ತೆರೆಯ ಮೇಲೂ ಕಾಣಿಸುತ್ತಾರೆ. ಅಷ್ಟು ಅದೃಷ್ಟ ಉಳಿದವರಿಗೆ ಇರಲಿಲ್ಲ.

ಇನ್ನೊಬ್ಬರ ಹೆಸರು ನಿಮಗೆ ಆಗಲೇ ಗೊತ್ತು. 1977ರ ‘ಅಮರ್ ಅಕ್ಬರ್ ಆಂಥೋನಿ’ಯಲ್ಲಿ ಅಮಿತಾಭ್ ಬಚ್ಚನ್ ದೊಡ್ಡ ಮೊಟ್ಟೆಯೊಳಗಿಂದ ಹೊರಬಂದು ತನ್ನ ಹೆಸರು ಆಂಥೋನಿ ಗೊನ್ಸಾಲ್ವಿಸ್ ಅಂತ ಹಾಡುತ್ತಾನೆ. ಅದು ಕಟ್ಟಿದ ಹೆಸರಲ್ಲ. ಕಾರವಾರದಿಂದ ರೈಲು ಹತ್ತಿದರೆ ಮಡಗಾಂವ್ ದಾಟಿದ ಮೇಲೆ ಮಜೋರ್ಡಾ ಅಂತ ಊರು ಬರುತ್ತದೆ. 1927ರಲ್ಲಿ ಅಲ್ಲಿ ಹುಟ್ಟಿದ ಆಂಥೋನಿ ಗೊನ್ಸಾಲ್ವಿಸ್ ಹದಿಹರೆಯದಲ್ಲೇ ಪಿಟೀಲು ಹಿಡಿದು ಮುಂಬೈಗೆ ಬಂದು ಅರೇಂಜರ್ ಆದರು, ಮನೆಯಲ್ಲಿ ಹುಡುಗರಿಗೆ ಪಾಠ ಹೇಳಿದರು. ಆ ಹುಡುಗರಲ್ಲಿ ಒಬ್ಬ ಪ್ಯಾರೇಲಾಲ್. ಮುಂದೆ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಆದವರು ಇವರೇ. ಗುರುವಿನ ಹೆಸರು ಹಾಡಿನಲ್ಲಿ ಬಂದದ್ದು ಹಾಗೆ.

ಗುರುವಿನ ಆಸೆಯೇ ಬೇರೆ ಇತ್ತು. ನಮ್ಮ ರಾಗಗಳನ್ನು ದೊಡ್ಡ ಪಾಶ್ಚಾತ್ಯ ವಾದ್ಯಮೇಳಕ್ಕೆ ಬರೆಯಬೇಕು ಅಂತ 1958ರಲ್ಲಿ ನೂರಕ್ಕೂ ಹೆಚ್ಚು ವಾದಕರನ್ನು ಸೇರಿಸಿ ಕಛೇರಿ ಮಾಡಿಸಿದರು. ಲತಾ, ಮನ್ನಾ ಡೇ ಅದರಲ್ಲಿ ಹಾಡಿದರು. 1965ರಲ್ಲಿ ಅವರು ಸಿನಿಮಾ ಬಿಟ್ಟು ಅಮೆರಿಕಕ್ಕೆ ಹೋದರು. ತಿರುಗಿ ಬಂದವರು ಮಜೋರ್ಡಾದ ಮನೆ ಸೇರಿದರು, ಸಿನಿಮಾ ಕಡೆ ಮುಖ ಹಾಕಲಿಲ್ಲ. ದೇಶವೆಲ್ಲ ಅವರ ಹೆಸರಿಗೆ ಕುಣಿಯುವಾಗ ಆ ಹೆಸರಿನ ಮನುಷ್ಯ ಊರಲ್ಲಿ ಸುಮ್ಮನಿದ್ದರು.

ರೆಕಾರ್ಡಿಂಗ್ ಹೇಗೆ ನಡೆಯುತ್ತಿತ್ತು ಅನ್ನುವುದನ್ನೂ ಹೇಳಬೇಕು, ಈಗಿನವರಿಗೆ ನಂಬಿಕೆ ಬರುವುದಿಲ್ಲ. 1950ರ ದಶಕದಲ್ಲಿ ಬೇರೆ ಬೇರೆ ಟ್ರ್ಯಾಕ್ ಇಲ್ಲ, ಆಮೇಲೆ ತಿದ್ದುವುದಿಲ್ಲ. ಹಾಡುವವರು, ವಾದಕರು ಎಲ್ಲ ಒಂದೇ ಹಾಲ್‌ನಲ್ಲಿ. ಮೈಕು ಒಂದೋ ಎರಡೋ, ಹೆಚ್ಚೆಂದರೆ ನಾಲ್ಕೋ. ಮೂರೂವರೆ ನಿಮಿಷದ ಹಾಡಿನ ಮೂರನೇ ನಿಮಿಷದಲ್ಲಿ ಒಬ್ಬ ಕೆಮ್ಮಿದರೂ ಎಲ್ಲರೂ ಮೊದಲಿನಿಂದ ಶುರು. ಯಾವ ವಾದ್ಯ ಜೋರು, ಯಾವುದು ಮೆತ್ತಗೆ ಅನ್ನುವುದು ಕುರ್ಚಿ ಹಾಕುವುದರಲ್ಲೇ ತೀರ್ಮಾನ. ಪಿಟೀಲು ಮೈಕಿಗೆ ಹತ್ತಿರ, ತುತ್ತೂರಿ ಗೋಡೆ ಹತ್ತಿರ, ಡ್ರಮ್ಮು ಇನ್ನೂ ಹಿಂದೆ. ಇದನ್ನು ನೋಡಿಕೊಳ್ಳುತ್ತಿದ್ದವರು ರೆಕಾರ್ಡಿಸ್ಟ್. ಮಿನೂ ಕಾತ್ರಕ್, ರಾಬಿನ್ ಚಟರ್ಜಿ, ಕೌಶಿಕ್ ಇಂಥವರ ಹೆಸರು ಹಳೇ ಸಿನಿಮಾಗಳ ಟೈಟಲ್‌ನಲ್ಲಿ ಕಾಣುತ್ತದೆ. ಹೆಸರಿನ ಮಟ್ಟಿಗೆ ಇವರು ವಾದಕರಿಗಿಂತ ಪುಣ್ಯವಂತರು.

ವಾದಕರಿಗೆ ಸಿಗುತ್ತಿದ್ದದ್ದು ಸಿಟ್ಟಿಂಗ್ ಲೆಕ್ಕದ ಕೂಲಿ. ಕೆಲಸ ಮುಗಿಯಿತು, ದುಡ್ಡು ಎಣಿಸಿಕೊಂಡರು, ವಾದ್ಯ ಪೆಟ್ಟಿಗೆಗೆ ಹಾಕಿಕೊಂಡು ಮುಂದಿನ ಸ್ಟುಡಿಯೋಕ್ಕೆ ಓಡಿದರು. ರೆಕಾರ್ಡು ಲಕ್ಷ ಮಾರಿದರೂ ಅದರಲ್ಲಿ ಪಾಲಿಲ್ಲ. ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಇಂಥ ದೊಡ್ಡವರೂ ಒಂದು ಕಾಲಕ್ಕೆ ಈ ಕೂಲಿಗೆ ಕೂತವರೇ. 1965ರ ‘ಗೈಡ್’ ಸಿನಿಮಾದ ಒಂದು ನೃತ್ಯದ ಹಾಡಿಗೆ ತಬಲಾ ನುಡಿಸಿದ್ದು ಸಂತೂರ್‌ನ ಶಿವಕುಮಾರ್. ಆರ್.ಡಿ. ಬರ್ಮನ್ ಗುಂಪಿನದ್ದು ಇನ್ನೊಂದು ಬಗೆ. ‘ಶೋಲೆ’ಯ ಕುಣಿತದ ಹಾಡಿಗೆ ಅವರ ವಾದಕರು ಖಾಲಿ ಬಾಟಲಿಗಳ ಬಾಯಿಗೆ ಊದಿ ಸ್ವರ ಹೊರಡಿಸಿದರು. ‘ಆರಾಧನಾ’ದ ಮಳೆ ರಾತ್ರಿಯ ಹಾಡಿನಲ್ಲಿ ಅಕಾರ್ಡಿಯನ್ ನುಡಿಸಿದ್ದು ಕೇರ್ಸಿ ಲಾರ್ಡ್. ಈ ಕೇರ್ಸಿ ಲಾರ್ಡ್ ಅವರೇ ಸಿಂಥಸೈಸರನ್ನು ಮುಂಬೈ ಸಿನಿಮಾಕ್ಕೆ ಮೊದಲು ತಂದವರಲ್ಲಿ ಒಬ್ಬರು. ಮುಂದೆ ನೂರು ಜನರ ಅನ್ನಕ್ಕೆ ಕುತ್ತು ತಂದ ಯಂತ್ರ ಅದು.

ನಮ್ಮ ಕನ್ನಡದ ಹಾಡುಗಳೂ ದಶಕಗಟ್ಟಲೆ ಮದ್ರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದವು. ಅಲ್ಲೂ ಇದೇ ಏರ್ಪಾಡು. ‘ಬಂಗಾರದ ಮನುಷ್ಯ’ಕ್ಕೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಹತ್ತಿರ ಗಿಟಾರ್ ನುಡಿಸುತ್ತಾ, ಸಹಾಯಕನಾಗಿ ದುಡಿಯುತ್ತಾ ಕೆಲಸ ಕಲಿತ ಹುಡುಗ ತಮಿಳುನಾಡಿನ ಪಣ್ಣೈಪುರಂ ಹಳ್ಳಿಯವನು. ಅವರೇ ಇಳಯರಾಜಾ. 1976ರಲ್ಲಿ ‘ಅನ್ನಕ್ಕಿಳಿ’ ಬರುವ ತನಕ ಅವರೂ ಹಿಂದಿನ ಸಾಲಿನವರೇ. ಮರುವರ್ಷ ವೆಂಕಟೇಶ್ ಅವರ ‘ಸನಾದಿ ಅಪ್ಪಣ್ಣ’ ಬಂತು. ರಾಜಕುಮಾರ್ ಅವರಿಗೆ ಶಹನಾಯಿ ನುಡಿಸಿದ್ದು ಬಿಸ್ಮಿಲ್ಲಾ ಖಾನ್ ಅಂತ ನಮ್ಮ ಅಜ್ಜಿಯರಿಗೂ ಗೊತ್ತು. ಅದೇ ಹಾಡುಗಳಿಗೆ ತಬಲಾ ಯಾರು? ಕೊಳಲು ಯಾರು? ಕೇಳಿ ನೋಡಿ.

1980ರ ದಶಕದಿಂದ ಮಲ್ಟಿಟ್ರ್ಯಾಕ್, ಸಿಂಥಸೈಸರ್, ಆಮೇಲೆ ಕಂಪ್ಯೂಟರ್ ಬಂದವು. ಐವತ್ತು ಪಿಟೀಲಿನ ಬದಲು ಒಂದು ಕೀಬೋರ್ಡು. ಒಟ್ಟಿಗೆ ಕೂರುವುದು ನಿಂತಿತು, ಒಬ್ಬೊಬ್ಬರನ್ನೇ ಕರೆದು ತುಣುಕು ತುಣುಕಾಗಿ ನುಡಿಸಿಕೊಂಡರು. ಈ ಬದಲಾವಣೆಯ ದೊಡ್ಡ ಹೆಸರು ಎ.ಆರ್. ರೆಹಮಾನ್. ಅವರ ತಂದೆ ಆರ್.ಕೆ. ಶೇಖರ್ ಮಲಯಾಳಂ ಸಿನಿಮಾಗಳಿಗೆ ಅರೇಂಜರ್ ಆಗಿದ್ದವರು. ಮಗನಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡರು. ಅವರು ಬಿಟ್ಟುಹೋದ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಮನೆ ನಡೆಯಿತು. ಆ ಮನೆಯಲ್ಲಿ ಬೆಳೆದದ್ದಕ್ಕೋ ಏನೋ, ತಮ್ಮ ಕ್ಯಾಸೆಟ್ಟು ಸಿಡಿಗಳ ಹೊದಿಕೆಯ ಮೇಲೆ ವಾದಕರ, ಸೌಂಡ್ ಇಂಜಿನಿಯರ್ ಹೆಸರು ಅಚ್ಚು ಹಾಕಿಸುವುದನ್ನು ರೆಹಮಾನ್ ರೂಢಿ ಮಾಡಿದರು. ಕೊಳಲಿನ ನವೀನ್ ಕುಮಾರ್, ಡ್ರಮ್ಸ್ ಶಿವಮಣಿ, ಇಂಜಿನಿಯರ್ ಎಚ್. ಶ್ರೀಧರ್ ಹೆಸರು ಜನರಿಗೆ ಗೊತ್ತಾದದ್ದರಲ್ಲಿ ಈ ರೂಢಿಯ ಪಾಲು ದೊಡ್ಡದು. ಯಂತ್ರದಿಂದ ಕುರ್ಚಿಗಳು ಖಾಲಿಯಾಗುತ್ತಿದ್ದ ಹೊತ್ತಿಗೆ, ಉಳಿದ ಕುರ್ಚಿಯವರಿಗೆ ಹೆಸರು ಸಿಕ್ಕಿತು. ಈಗ ಕ್ಯಾಸೆಟ್ಟೂ ಇಲ್ಲ. ಫೋನಿನ ಪರದೆಯಲ್ಲಿ ಸಿನಿಮಾ, ಗಾಯಕರು, ಸಂಗೀತ ನಿರ್ದೇಶಕ, ಕೆಲವು ಕಡೆ ನಟನ ಫೋಟೋ.

ಹೆಸರಿದ್ದರೆ ಏನು, ಇಲ್ಲದಿದ್ದರೆ ಏನು, ದುಡ್ಡು ಬಂತಲ್ಲ ಅನ್ನುವವರಿಗೆ ಇಲ್ಲೊಂದು ವಿಷಯ ಇದೆ. ಆಂಥೋನಿ ಗೊನ್ಸಾಲ್ವಿಸ್ 2012ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಕಾಪಿರೈಟ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಕಲಾವಿದನ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಅವನಿಗೆ ರಾಯಲ್ಟಿ ಸಿಗಬೇಕು ಅಂತ ಅದರಲ್ಲಿ ಸೇರಿಸಿದರು. ಕಲಾವಿದ ಅಂದರೆ ಯಾರು ಅಂತ ಕಾಯ್ದೆ ಪಟ್ಟಿ ಕೊಡುತ್ತದೆ. ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವ, ಜಾದೂಗಾರ, ಹಾವಾಡಿಗ. ಹೌದು, ಹಾವಾಡಿಗನ ಹೆಸರೇ ಇದೆ. ಸೌಂಡ್ ಇಂಜಿನಿಯರ್ ಹೆಸರಿಲ್ಲ.

ಆದರೆ ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸೇರಿಸಿತು. ಸಿನಿಮಾದಲ್ಲಿ ಒಬ್ಬನ ಕೆಲಸ ಅಷ್ಟೊಂದು ಮುಖ್ಯವಲ್ಲದ, ಬಂದು ಹೋಗುವ ಥರದ್ದಾಗಿದ್ದು, ಉದ್ಯಮದ ರೂಢಿಯಂತೆ ಟೈಟಲ್‌ನಲ್ಲೂ ಎಲ್ಲೂ ಅವನ ಹೆಸರು ಹಾಕದಿದ್ದರೆ ಅವನನ್ನು ಕಲಾವಿದ ಅಂತ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇಪ್ಪತ್ತನೇ ಕುರ್ಚಿಯ ಪಿಟೀಲಿನವನು ಮುಖ್ಯನೋ ಅಲ್ಲವೋ ಅನ್ನುವುದು ವಾದದ ಮಾತು. ನಮ್ಮ ಪ್ರಕಾರ ಮುಖ್ಯ, ಅವನನ್ನು ಕರೆಸಿ ಕೂಲಿ ಕೊಟ್ಟವರಿಗೂ ಅದು ಗೊತ್ತಿತ್ತು. ಆದರೆ ಹೆಸರು ಹಾಕದಿರುವುದೇ ರೂಢಿಯಾಗಿದ್ದ ಜಾಗದಲ್ಲಿ, ಆ ರೂಢಿಯೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ. ಹಾಗೆ ಲೆಕ್ಕದಿಂದ ಹೊರಬಿದ್ದವನಿಗೆ ಕಾಯ್ದೆ ಉಳಿಸಿರುವ ಹಕ್ಕು ಒಂದೇ: ತಾನು ನುಡಿಸಿದ್ದನ್ನು ಯಾರಾದರೂ ತನ್ನ ಮರ್ಯಾದೆಗೆ ಕುಂದು ಬರುವ ಹಾಗೆ ತಿರುಚಿದರೆ ಕೋರ್ಟಿಗೆ ಹೋಗಬಹುದು.