ತಲೆಗೊಂದು ಪುಟ್ಟ ಬಾಗಿಲು

2005ರ ಏಪ್ರಿಲ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ‘ಸೈಕೋನಾಟ್ಸ್’ ಅನ್ನೋ ವಿಡಿಯೋ ಗೇಮ್ ಬಂತು. ವಿಮರ್ಶಕರು ಬಾಯ್ತುಂಬ ಹೊಗಳಿದ್ರು. ಜನ ಕೊಳ್ಳಲಿಲ್ಲ. ಮೊದಲ ವರ್ಷ ಒಂದು ಲಕ್ಷ ಪ್ರತಿಯೂ ಖರ್ಚಾಗಲಿಲ್ಲ. ನಾನು ಅದನ್ನ ಆಡಿದ್ದು ಎಷ್ಟೋ ವರ್ಷ ಆದಮೇಲೆ, ಸ್ಟೀಮ್ ಸೇಲ್‌ನಲ್ಲಿ ಒಂದು ಊಟದ ದುಡ್ಡಿಗಿಂತ ಕಡಿಮೆಗೆ ಸಿಕ್ಕಾಗ. ಗ್ರಾಫಿಕ್ಸ್ ಹಳೇದು, ಕ್ಯಾಮೆರಾ ಹೇಳಿದ ಮಾತು ಕೇಳಲ್ಲ. ಆದ್ರೂ ಎರಡನೇ ರಾತ್ರಿ ಹೊತ್ತಿಗೆ ಅದರ ಮೇಲೆ ಮನಸ್ಸಾಗಿಬಿಟ್ಟಿತ್ತು.

ಈ ಆಟದ ಬೀಜ ಬಿದ್ದಿದ್ದು ಇನ್ನೊಂದು ಆಟದಲ್ಲಿ. ಲ್ಯೂಕಾಸ್‌ಆರ್ಟ್ಸ್‌ನಲ್ಲಿದ್ದ ಟಿಮ್ ಶೇಫರ್ 1995ರಲ್ಲಿ ‘ಫುಲ್ ಥ್ರಾಟಲ್’ ಅನ್ನೋ ಬೈಕರ್ ಕಥೆ ಮಾಡಿದ್ದ. ಅದರಲ್ಲಿ ನಾಯಕ ಅಮಲೇರಿಸೋ ಒಂದು ಕಳ್ಳಿ ತಿಂದು ತನ್ನ ಮನಸ್ಸಿನೊಳಗೇ ಅಲೆದಾಡೋ ದೃಶ್ಯ ಇರಬೇಕಿತ್ತು. ಮನೆಮಂದಿಯೆಲ್ಲ ಆಡೋ ಆಟಕ್ಕೆ ಇದು ಸರಿಹೋಗಲ್ಲ ಅಂತ ಕತ್ತರಿ ಬಿತ್ತು. ಐಡಿಯಾ ಮಾತ್ರ ಅವನ ತಲೇಲಿ ಉಳೀತು. 2000ದಲ್ಲಿ ಕೆಲಸ ಬಿಟ್ಟು ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ‘ಡಬಲ್ ಫೈನ್’ ಕಟ್ಟಿದ. ಊರಿನ ಗೋಲ್ಡನ್ ಗೇಟ್ ಸೇತುವೆ ಹತ್ತಿರ ‘ಇಲ್ಲಿ ತಪ್ಪು ಮಾಡಿದ್ರೆ ಎರಡು ಪಟ್ಟು ದಂಡ’ ಅನ್ನೋ ಬೋರ್ಡ್ ಇತ್ತು, ಹೆಸರು ಅಲ್ಲಿಂದ ಬಂದಿದ್ದು. ಮುಂದೆ ಆಗಿದ್ದನ್ನ ನೋಡಿದ್ರೆ ಹೆಸರು ಸ್ವಲ್ಪ ಜಾಸ್ತಿನೇ ಹೊಂದಿಕೊಳ್ತು ಅನ್ಸುತ್ತೆ.

ಕಥೆ ಸರಳ. ರಾಜ್ ಅನ್ನೋ ಸರ್ಕಸ್ ಹುಡುಗ ಮನೆಯಿಂದ ಓಡಿಬಂದು, ಅತೀಂದ್ರಿಯ ಶಕ್ತಿ ಇರೋ ಮಕ್ಕಳ ಬೇಸಿಗೆ ಶಿಬಿರ ಸೇರ್ತಾನೆ. ಅವನ ಹತ್ತಿರ ಒಂದು ಪುಟ್ಟ ಬಾಗಿಲಿದೆ. ಯಾರದ್ದಾದ್ರೂ ಹಣೆಗೆ ಅಂಟಿಸಿ ತೆಗೆದ್ರೆ ಸಾಕು, ಅವರ ಮನಸ್ಸಿನೊಳಗೆ ಇಳೀಬಹುದು.

ಆ ಮನಸ್ಸುಗಳಲ್ಲಿ ಒಂದು ಇನ್ನೊಂದರ ಥರ ಇಲ್ಲ. ಬಾಯ್ಡ್ ಅನ್ನೋ ವಾಚ್‌ಮನ್ ಹುಚ್ಚಾಸ್ಪತ್ರೆಯ ಗೇಟಲ್ಲಿ ನಿಂತು ಪಿಸುಪಿಸು ಅಂತಿರ್ತಾನೆ. ಎಲ್ಲರೂ ಸೇರಿ ಏನೋ ಸಂಚು ಮಾಡ್ತಿದ್ದಾರೆ, ಹಾಲಿನವನಿಗೂ ಅದಕ್ಕೂ ಏನೋ ನಂಟಿದೆ ಅಂತ ಅವನ ಗುಮಾನಿ. ಒಳಗೆ ಹೋಗಿ ನೋಡಿದ್ರೆ ಒಂದು ನೆಮ್ಮದಿಯ ಬಡಾವಣೆ, ಆದ್ರೆ ರಸ್ತೆಗಳು ರಿಬ್ಬನ್ ಥರ ಸುರುಳಿ ಸುತ್ಕೊಂಡು ಆಕಾಶಕ್ಕೆ ಹೋಗಿವೆ. ನೀವು ತಲೆಕೆಳಗಾಗಿ ನಡೆದ್ರೂ ಬೀಳಲ್ಲ. ತುಂಬಾ ಓವರ್‌ಕೋಟ್ ಹಾಕಿದ ಗೂಢಚಾರರು. ಒಬ್ಬನ ಕೈಯಲ್ಲಿ ಲಟ್ಟಣಿಗೆ ಇದೆ, ಅಂದ್ರೆ ಅವನು ಗೃಹಿಣಿ! ಸ್ಟಾಪ್ ಬೋರ್ಡ್ ಹಿಡಿದವನು ರಸ್ತೆ ಕೆಲಸದವನು. ಹೂ ಹಿಡಿದು ಸಮಾಧಿ ಮುಂದೆ ನಿಂತವನು ಗಂಡ ಸತ್ತ ಹೆಂಗಸು. ನೀವೂ ಲಟ್ಟಣಿಗೆ ಹಿಡಿದ್ರೆ ನೀವೂ ಅವರಲ್ಲೊಬ್ಬರು. ಹೊಟ್ಟೆ ಹುಣ್ಣಾಗೋಷ್ಟು ನಗು ಬರುತ್ತೆ. ಆಮೇಲೆ ಅವನ ನೆನಪಿನ ತಿಜೋರಿ ಸಿಗುತ್ತೆ. ಕೆಲಸದಿಂದ ತೆಗೆದ ಅಂಗಡಿಗೆ ಬೆಂಕಿ ಇಟ್ಟವನು ಇವನು ಅಂತ ಗೊತ್ತಾಗಿ ನಗು ನಿಲ್ಲುತ್ತೆ.

ನಮ್ಮೂರ ಬಸ್‌ಸ್ಟ್ಯಾಂಡಲ್ಲೂ ಒಬ್ಬ ಹೀಗೇ ಗೋಡೆ ಜೊತೆ ಮಾತಾಡ್ತಾ ಕೂತಿರ್ತಿದ್ದ. ದೊಡ್ಡವರ ಬಾಯಲ್ಲಿ ಅವನು ‘ತಲೆ ಕೆಟ್ಟವ’, ಮಾತು ಅಲ್ಲಿಗೆ ಮುಗೀತು. ಆ ತಲೆಯೊಳಗೂ ಒಂದು ಊರು, ಅದಕ್ಕೂ ಒಂದು ಲೆಕ್ಕಾಚಾರ ಇರಬಹುದು ಅಂತ ನನಗೆ ಹೊಳೆದಿದ್ದು ಈ ಆಟ ಆಡುವಾಗ.

ಮಿಲಾ ಅನ್ನೋ ಟೀಚರ್ ಮನಸ್ಸು ಇನ್ನೊಂದು ಥರ. ಪೂರ್ತಿ ಡಿಸ್ಕೋ, ಬಣ್ಣ, ಪಾರ್ಟಿ. ಒಂದು ಮೂಲೇಲಿ ಚಿಕ್ಕ ಕೋಣೆ ಇದೆ. ಅಲ್ಲಿಗೆ ಹೋಗಿ ಅಂತ ಆಟ ಎಲ್ಲೂ ಹೇಳಲ್ಲ, ಹೋಗದೇನೇ ಆಟ ಮುಗಿಸಬಹುದು. ಹೋದ್ರೆ, ಬೆಂಕಿಗೆ ಸಿಕ್ಕ ಅನಾಥಾಶ್ರಮದ ಮಕ್ಕಳ ಕೂಗು ಕೇಳ್ಸುತ್ತೆ. ಆ ಮಕ್ಕಳನ್ನ ನೋಡ್ಕೊಳ್ತಿದ್ದವಳು ಇವಳೇ. ಹೊರಗೆ ಬಂದ್ರೆ ಪಾರ್ಟಿ ಇನ್ನೂ ನಡೀತಿರುತ್ತೆ.

ಇನ್ನು ಮನಸ್ಸಿನ ಹಳೇ ನೋವಿಗೆ ಇಂಗ್ಲಿಷಿನವರು ‘ಬ್ಯಾಗೇಜ್’ ಅಂತಾರಲ್ಲ, ಇಲ್ಲಿ ಅದು ನಿಜವಾದ ಸೂಟ್‌ಕೇಸು. ಕೂತಲ್ಲೇ ಅಳ್ತಿರುತ್ತೆ. ಅದರ ಟ್ಯಾಗ್ ಹುಡುಕಿ ತಂದುಕೊಟ್ರೆ ಸಮಾಧಾನ ಆಗುತ್ತೆ.

ಇಂಜಿನಿಯರ್ ಬುದ್ಧಿಗೆ ಒಂದು ವಿಷಯ ಕಾಣದೇ ಇರಲ್ಲ. ಇದರಲ್ಲಿ ‘ರೀಯೂಸ್’ ಅನ್ನೋದು ತುಂಬಾ ಕಡಿಮೆ. ಪ್ರತಿ ಮನಸ್ಸಿಗೂ ಬೇರೆ ಚಿತ್ರ, ಬೇರೆ ಸಂಗೀತ, ಬೇರೆ ನಿಯಮ. ನಾವು ಆಫೀಸಲ್ಲಿ ಒಂದು ಮಾಡ್ಯೂಲ್ ಬರೆದು ಹತ್ತು ಕಡೆ ಅಂಟಿಸ್ತೀವಿ. ಇವರು ಹತ್ತು ಸಲ ಹೊಸದಾಗಿ ಬರೆದ್ರು. ಶಿಬಿರದ ಮಕ್ಕಳ ಸ್ವಭಾವ ಹಿಡಿಯೋಕೆ ಅಂತ ಶೇಫರ್ ಅವರ ಹೆಸರಲ್ಲಿ ಸೋಷಿಯಲ್ ನೆಟ್‌ವರ್ಕ್ ಪುಟಗಳನ್ನ ಕೂಡ ಬರೆದಿದ್ದ. ನಾಲ್ಕೂವರೆ ವರ್ಷ, 1.15 ಕೋಟಿ ಡಾಲರ್ ಹೋಯ್ತು. ಪ್ರಕಟಿಸಬೇಕಿದ್ದ ಮೈಕ್ರೋಸಾಫ್ಟ್ 2004ರಲ್ಲಿ ಕೈ ತೊಳ್ಕೊಳ್ತು. ಮಜೆಸ್ಕೋ ಅನ್ನೋ ಸಣ್ಣ ಕಂಪನಿ ಹಿಡ್ಕೊಂಡು, ಅದೂ ನಷ್ಟಕ್ಕೆ ಬಿತ್ತು. ಅದರ ಸಿಇಒ 2005ರ ಜುಲೈನಲ್ಲೇ ರಾಜೀನಾಮೆ ಕೊಟ್ಟ.

ಆಟವನ್ನ ಮುಳುಗಿಸಿದ್ದು ಈ ಹಟವೇ, ಉಳಿಸಿದ್ದೂ ಅದೇ. ನೂರು ಆಟ ಮರೆತುಹೋದ್ರೂ ಬಾಯ್ಡ್‌ನ ರಸ್ತೆ ಮರೆಯಲ್ಲ, ಹಾಗಾಗಿ ಆಡಿದವರು ಗೆಳೆಯರಿಗೆ ಹೇಳ್ತಾನೇ ಹೋದ್ರು. 2006ರಲ್ಲಿ ಸ್ಟೀಮ್‌ಗೆ ಬಂತು. 2011ರಲ್ಲಿ ಹಕ್ಕು ಡಬಲ್ ಫೈನ್ ಕೈಗೆ ವಾಪಸ್ ಬಂತು. ಆಗಲೇ ‘ಮೀಟ್ ಸರ್ಕಸ್’ ಅನ್ನೋ ಕೊನೇ ಹಂತವನ್ನೂ ಸ್ವಲ್ಪ ಸಡಿಲ ಮಾಡಿದ್ರು. ಸಡಿಲ ಆದಮೇಲೂ ನಾನು ಎಷ್ಟು ಸಲ ಸತ್ತೆ ಅನ್ನೋದು ನನಗೂ ಕೀಬೋರ್ಡಿಗೂ ಬಿಟ್ಟ ವಿಷಯ. 2015ರ ಕೊನೆಗೆ ಒಟ್ಟು ಮಾರಾಟ ಹತ್ತಿರಹತ್ತಿರ 17 ಲಕ್ಷ, ಅದರಲ್ಲಿ 12 ಲಕ್ಷಕ್ಕೂ ಹೆಚ್ಚು ಹಕ್ಕು ವಾಪಸ್ ಬಂದಮೇಲೆ ಆಗಿದ್ದು. 2019ರಲ್ಲಿ ಡಬಲ್ ಫೈನನ್ನೇ ಕೊಂಡಿದ್ದು ಯಾರು ಅಂತೀರಾ? ಅದೇ ಮೈಕ್ರೋಸಾಫ್ಟು!

ಹಾಗಂತ ಮೊದಲ ಆಟ ಎಲ್ಲ ಸರಿ ಮಾಡಿದೆ ಅಂತಲ್ಲ. ಅದರ ಆಸ್ಪತ್ರೆ ಸಿನಿಮಾದ ಭೂತಬಂಗಲೆ ಥರವೇ ಇದೆ. ರಾಜ್ ಸಿಕ್ಕಿದವರ ಹಣೆಗೆ ಬಾಗಿಲು ಅಂಟಿಸ್ತಾನೆ, ಒಳಗೆ ಬರ್ಲಾ ಅಂತ ಕೇಳೋ ಅಭ್ಯಾಸ ಅವನಿಗಿಲ್ಲ. 2021ರ ಆಗಸ್ಟ್ 25ಕ್ಕೆ ಬಂದ ‘ಸೈಕೋನಾಟ್ಸ್ 2’ ಇದನ್ನೇ ಕೈಗೆತ್ತಿಕೊಂಡಿದೆ. ಅದರಲ್ಲಿ ರಾಜ್ ಒಳ್ಳೇದಕ್ಕೇ ಅಂತ ಒಬ್ಬ ಹಿರಿಯಳ ಮನಸ್ಸಿಗೆ ಇಳಿದು, ಅಪಾಯ ಮತ್ತು ದುಡ್ಡು ಅನ್ನೋ ಎರಡು ಯೋಚನೆಗಳನ್ನ ಜೋಡಿಸಿಬಿಡ್ತಾನೆ. ಆಕೆ ಜೂಜಿನ ಹುಚ್ಚಿಗೆ ಬೀಳ್ತಾಳೆ. ಅವನೇ ಮತ್ತೆ ಒಳಗಿಳಿದು ಆ ಗಂಟು ಬಿಚ್ಚಬೇಕಾಗುತ್ತೆ. ಅಲ್ಲಿಂದಾಚೆಗೆ ಅವನು ಬಾಗಿಲು ಅಂಟಿಸೋ ಮುಂಚೆ ಕೇಳ್ತಾನೆ.